ಹೋಟೆಲಿನಲ್ಲಿ ಖಾರ ಕೇಳುವ ಬಗೆ

ಬಳ್ಳಾರಿ, ರಾಯಚೂರು ಕಡೆ 'ಖಾರ' ಎಂದರೆ ರುಚಿಯೂ ಹೌದು, ಮೆಣಸಿನಪುಡಿಯೂ ಹೌದು. ಎಡವಟ್ಟಾಗುವುದೇ ಅಲ್ಲಿ. 'ಖಾರ ಜಾಸ್ತಿ ಹಾಕ್ರಿ' ಎಂದರೆ, ಬೆಳಗ್ಗೆ ಮಾಡಿಟ್ಟ ಗ್ರೇವಿಗೆ ಕೊನೆಗಳಿಗೆಯಲ್ಲಿ ಒಂದು ಚಮಚ ಪುಡಿ ಉದುರಿಸಿ ಕೊಡುತ್ತಾರೆ. ಎಣ್ಣೆಯಲ್ಲಿ ಹುರಿಯದ ಪುಡಿ ಹಸಿವಾಸನೆ ಹೊಡೆದು ಗಂಟಲಿಗೆ ಹತ್ತುತ್ತದೆ, ಖಾರ ಮಾತ್ರ ಅಡುಗೆಯ ಮೈಗೆ ಹಿಡಿಯುವುದಿಲ್ಲ. ಪುಡಿ ಬ್ಯಾಡಗಿಯದಾದರಂತೂ ತಟ್ಟೆ ಕೆಂಪಾಗುತ್ತದೆ, ಅಷ್ಟೇ. ಬ್ಯಾಡಗಿ ಬಣ್ಣದ ಕಾಯಿ. ಖಾರಕ್ಕೆ ಗುಂಟೂರು ಬೇಕು.

ಅದಕ್ಕೇ ನಾನು ಪುಡಿಯ ಮಾತು ಎತ್ತುವುದಿಲ್ಲ. ಆರ್ಡರ್ ಕೊಡುವಾಗಲೇ ಹೇಳಿಬಿಡುತ್ತೇನೆ: "ಅಣ್ಣಾ, ನಾಕು ಸಣ್ಣ ಹಸಿಮೆಣಸಿನಕಾಯಿ ಸೀಳಿ ಮೊದ್ಲು ಎಣ್ಣಿಗೆ ಬಿಡ್ರಿ. ಬಿಳಿ ಬೊಬ್ಬಿ ಬಂದ ಮ್ಯಾಲೆ ಉಳ್ಳಾಗಡ್ಡಿ ಹಾಕ್ರಿ." ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗಿ ತುತ್ತುತುತ್ತಿಗೂ ಹಬ್ಬುತ್ತದೆ. ಸೀಳಲೇಬೇಕು, ಏಕೆಂದರೆ ಅದು ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಇಡಿಯಾಗಿ ಬಿಟ್ಟರೆ ಒಳಗೇ ಉಳಿಯುತ್ತದೆ, ಕಾಯಿ ಸಿಡಿಯುವುದೂ ಉಂಟು. ಹೊಸ ಜಾಗದಲ್ಲಿ ನಾಲ್ಕರಿಂದ ಶುರುಮಾಡಿ, ಕಾಯಿಯ ಗುಣ ತಿಳಿದ ಮೇಲೆ ಆರಕ್ಕೆ ಹೋಗಿ.

ಈ ಮಾತು ನಡೆಯುವುದು ಆಗಿಂದಾಗ ಬಾಣಲೆಗೆ ಬೀಳುವ ಅಡುಗೆಗೆ ಮಾತ್ರ: ಎಗ್ ಬುರ್ಜಿ, ಚಿಕನ್ ಫ್ರೈ, ಇನ್ನೂ ಕಲಸದ ಮಂಡಾಳ (ಮಂಡಕ್ಕಿ) ಒಗ್ಗರಣೆ. ಮಧ್ಯಾಹ್ನ ಒಂದರಿಂದ ಎರಡರ ನೂಕುನುಗ್ಗಲಿನಲ್ಲಿ ಕೇಳಬೇಡಿ, ಒಲೆ ಮುಂದಿನವರಿಗೆ ಪುಡಿ ಉದುರಿಸುವಷ್ಟೇ ಪುರುಸೊತ್ತಿರುತ್ತದೆ. ಪನೀರ್ ಬಟರ್ ಮಸಾಲಾಕ್ಕೆ ಖಾರ ಕೇಳುವುದಂತೂ ದಂಡ. ಗೋಡಂಬಿ, ಬೆಣ್ಣೆ, ಕ್ರೀಮು ಸೇರಿ ಎಷ್ಟು ಹಾಕಿದರೂ ನುಂಗಿಬಿಡುತ್ತವೆ.

ಒಗ್ಗರಣೆ ಜೊತೆ ಕೊಡುವ ಮಿರ್ಚಿ ಬಜ್ಜಿ ನಂಬುವ ಹಾಗಿಲ್ಲ. ಬುಟ್ಟಿ ನೋಡಿ: ತಿಳಿಹಸಿರು, ದಪ್ಪ, ಉದ್ದನೆಯ ಕಾಯಿ ಬಹುಮಟ್ಟಿಗೆ ಸಪ್ಪೆ. ಕಡುಹಸಿರು, ತೆಳ್ಳನೆಯ ಕಾಯಿ ಕಂಡರೆ ಎರಡನ್ನು ಸೀಳಿ, ಹಿಟ್ಟಿಲ್ಲದೆ ಕರಿದು, ಉಪ್ಪು ಸವರಿ ಕೊಡಲು ಹೇಳಿ. ಬಂಡಿಯವರು ಇದಕ್ಕೆ ಇಲ್ಲ ಅನ್ನುವುದು ಕಡಿಮೆ.

ರೊಟ್ಟಿ ಖಾನಾವಳಿಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಎಣ್ಣೆಗಾಯಿಯನ್ನು ತಿದ್ದಲು ಹೋಗಬೇಡಿ, ಅದರ ಶೇಂಗಾ, ಬೆಲ್ಲದ ಹದ ಕೆಡುತ್ತದೆ. "ಅಕ್ಕಾ, ಕೆಂಪು ಖಾರ ಐತೇನ್ರಿ?" ಎಂದು ಕೇಳಿ. ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ರಂಜಕ ಬಂದರೆ ಅರ್ಧ ಚಮಚಕ್ಕೆ ಒಂದು ಚಮಚ ಶೇಂಗಾ ಎಣ್ಣೆ ಬೆರೆಸಿ ಬಿಸಿ ಜೋಳದ ರೊಟ್ಟಿಗೆ ಸವರಿ. ಮೊಸರನ್ನು ಅದರೊಳಗೆ ಕಲಸಬೇಡಿ. ಹಾಲಿನ ಪ್ರೋಟೀನು ಖಾರವನ್ನು ಹಿಡಿದುಕೊಳ್ಳುತ್ತದೆ. ಬಟ್ಟಲು ಪಕ್ಕದಲ್ಲಿರಲಿ. ಬಾಯಿ ತಡೆಯದಾದಾಗ ನೀರು ಬಿಟ್ಟು, ಎರಡು ಚಮಚ ಗಟ್ಟಿಮೊಸರು ನಾಲಿಗೆ ಮೇಲೆ ಇಟ್ಟುಕೊಳ್ಳಿ.