ಪುಟ್ಟ ಉಪಗ್ರಹಕ್ಕೆ ಕಂಪ್ಯೂಟರ್ ಆರಿಸುವ ಬಗೆ

ಕಾಸರಗೋಡಿನ ಕಾಲೇಜುಗಳಲ್ಲಿ ಕ್ಯೂಬ್‌ಸ್ಯಾಟ್ (ಘನಾಕಾರದ ಪುಟ್ಟ ಉಪಗ್ರಹ) ಕಟ್ಟಲು ಹೊರಡುವ ವಿದ್ಯಾರ್ಥಿಗಳು ಪ್ರೊಸೆಸರಿನ ವೇಗಕ್ಕಿಂತ ಮೊದಲು ವಿದ್ಯುತ್ತಿನ ಲೆಕ್ಕ ಹಾಕಬೇಕು. 10 ಸೆಂಟಿಮೀಟರ್ ಘನದ ಉಪಗ್ರಹಕ್ಕೆ ಸೌರಫಲಕಗಳಿಂದ ಸರಾಸರಿ ಒಂದೆರಡು ವ್ಯಾಟ್ ಮಾತ್ರ ದೊರೆಯುವುದರಿಂದ, ತಾಪಮಾನ ಅಳೆದು ಕಳುಹಿಸುವಂಥ ಕೆಲಸಕ್ಕೆ ಎಂಎಸ್‌ಪಿ430ರಂತಹ ಮೈಕ್ರೋಕಂಟ್ರೋಲರ್ (ಅತಿ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಸಾಕು. ಲಿನಕ್ಸ್ ಓಡಿಸುವ, ಹೆಚ್ಚು ವಿದ್ಯುತ್ ಬೇಡುವ ಬೋರ್ಡನ್ನು ಚಿತ್ರ ಸಂಸ್ಕರಣೆಯಂತಹ ಭಾರದ ಕೆಲಸಕ್ಕೆ ಮೀಸಲಿಟ್ಟು, ಬೇಕಾದ ಹೊತ್ತಿಗಷ್ಟೇ ಚಾಲೂ ಮಾಡುವುದು ಲೇಸು.

ಬಾಹ್ಯಾಕಾಶದ ವಿಕಿರಣದ ವಿಷಯದಲ್ಲಿ ರಾಜಿ ಸಲ್ಲದು. ಒಂದೇ ಒಂದು ಕಣ ಬಡಿದರೂ ಮೆಮೊರಿಯಲ್ಲಿ 0 ಇದ್ದದ್ದು 1 ಆಗಬಹುದು, ಅಥವಾ ಲ್ಯಾಚ್‌ಅಪ್ (ಚಿಪ್ಪಿನೊಳಗೆ ಶಾರ್ಟ್ ಸರ್ಕ್ಯೂಟಿನಂಥ ಸ್ಥಿತಿ) ಉಂಟಾಗಿ ಕರೆಂಟು ಏಕಾಏಕಿ ಏರಿ ಚಿಪ್ಪೇ ಸುಟ್ಟುಹೋಗಬಹುದು. ಆದ್ದರಿಂದ ದೋಷ ತಿದ್ದುವ ಮೆಮೊರಿ, ಕರೆಂಟು ಮಿತಿ ಮೀರಿದೊಡನೆ ಕಡಿದು ಮತ್ತೆ ಕೊಡುವ ಸರ್ಕ್ಯೂಟು, ಪ್ರೋಗ್ರಾಂ ಸಿಕ್ಕಿಕೊಂಡರೆ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರು, ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಬೋರ್ಡನ್ನು ಕೊಳ್ಳಬಾರದು. ವಾಚ್‌ಡಾಗ್ ಪ್ರೊಸೆಸರಿನ ಹೊರಗೆ ಪ್ರತ್ಯೇಕ ಚಿಪ್ಪಾಗಿರುವುದೇ ಉತ್ತಮ.

ತಂದ ಬೋರ್ಡನ್ನು ನಮ್ಮ ಕರಾವಳಿಯ ತೇವದಲ್ಲಿ ತೆರೆದಿಡದೆ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು.