ಧ್ವನಿಗಳು ಪೂರ್ತಿ ಹೋಗಿಲ್ಲ, ಆದ್ರೂ ಚೆನ್ನಾಗಿದೀನಿ

"ಈಗ ಆ ಧ್ವನಿಗಳು ನಿಂತ್ವಾ?" ಅಂತ ಕೇಳೋರೇ ಜಾಸ್ತಿ. ಪೂರ್ತಿ ನಿಂತಿಲ್ಲ. ದಿನಗಟ್ಲೆ ಏನೂ ಇರಲ್ಲ, ಆಮೇಲೆ ನಿದ್ದೆಗೆಟ್ಟ ಮಾರನೇ ದಿನನೋ, ಯಾರ ಜೊತೆನಾದ್ರೂ ಮಾತಿಗೆ ಮಾತು ಬೆಳೆದ ದಿನನೋ ಎಡಗಡೆಯಿಂದ ಒಂದು ಹೆಂಗಸಿನ ಧ್ವನಿ ಶುರು ಆಗುತ್ತೆ. ಅದರ ಮಧ್ಯೆನೇ ಆಫೀಸ್ ಕೆಲ್ಸ ಮಾಡ್ತೀನಿ, ಅಕ್ಕನ ಮಗಳಿಗೆ ಲೆಕ್ಕ ಹೇಳ್ಕೊಡ್ತೀನಿ. ಸೈಕೋಸಿಸ್, ಅಂದ್ರೆ ಬೇರೆಯವರಿಗೆ ಕೇಳದ್ದು ಕೇಳ್ಸೋ, ಇಲ್ಲದ್ದನ್ನ ನಿಜ ಅಂತ ನಂಬಿಸೋ ಕಾಯಿಲೆ, ಅಂತ ಗೊತ್ತಾದಾಗ ಸುತ್ತ ಇರೋರು ಹೇಳೋದು ಎರಡೇ ಮಾತು, ಮಾತ್ರೆ ತಗೋ, ಧೈರ್ಯವಾಗಿರು. ಎರಡೂ ಸರಿನೇ, ಆದ್ರೆ ಅವೆರಡರ ನಡುವೆ ದಿನಾ ಮಾಡೋ ಕೆಲ್ಸ ಬೇಕಾದಷ್ಟಿದೆ, ಅದನ್ನ ಯಾರೂ ಹೇಳ್ಕೊಡಲ್ಲ.

ನನಗೆ ಮೊದ್ಲು ಬಂದಿದ್ದು ಧ್ವನಿ ಅಲ್ಲ. ಗಾಡಿ ನಂಬರ್ ಪ್ಲೇಟು, ಟಿವಿ ನ್ಯೂಸ್ ಓದೋಳು ತಲೆ ವಾಲಿಸಿದ್ದು, ಯಾರೋ ಗೇಟ್ ತೆಗೆದ ಸದ್ದು, ಎಲ್ಲಾನೂ ನನಗೇ ಏನೋ ಹೇಳ್ತಿದೆ ಅನ್ನಿಸ್ತಿತ್ತು, ಅನ್ನಿಸೋದೇನು ಬಂತು, ಖಾತ್ರಿನೇ ಆಗ್ಬಿಟ್ಟಿತ್ತು. ಇದಕ್ಕೆ ಸರಿಯಾದ ವಿವರಣೆ ನನಗೆ ಸಿಕ್ಕಿದ್ದು ಶಿತಿಜ್ ಕಪೂರ್ ಅನ್ನೋ ಸೈಕಿಯಾಟ್ರಿಸ್ಟ್ 2003ರಲ್ಲಿ ಬರೆದ ಲೇಖನದಿಂದ. ಅವರು ಹೇಳೋದು ಏನಂದ್ರೆ, ಸುತ್ತಮುತ್ತ ಯಾವುದು ಮುಖ್ಯ ಅಂತ ಗುರುತು ಹಾಕೋದ್ರಲ್ಲಿ ಮೆದುಳಿನ ರಾಸಾಯನಿಕ ಡೋಪಮಿನ್‌ದು ದೊಡ್ಡ ಪಾತ್ರ, ಅದು ಹೊತ್ತಲ್ಲದ ಹೊತ್ತಲ್ಲಿ ಜಾಸ್ತಿ ಆದ್ರೆ ಸಂಬಂಧನೇ ಇಲ್ದಿರೋ ವಸ್ತುಗಳಿಗೂ ಆ ಗುರುತು ಬೀಳುತ್ತೆ, ಆಮೇಲೆ ಮನಸ್ಸು ಸುಮ್ನೆ ಇರುತ್ತಾ, ಯಾಕೆ ಹೀಗೆ ಅಂತ ಒಂದು ಕಥೆ ಕಟ್ಟುತ್ತೆ. ಮಾತ್ರೆ ಹೊಸ ಗುರುತು ಬೀಳೋದನ್ನ ಕಮ್ಮಿ ಮಾಡುತ್ತೆ, ಈಗಾಗ್ಲೇ ಕಟ್ಟಿರೋ ಕಥೆನ ಅಳಿಸಲ್ಲ. ನನಗೆ ಆಗಿದ್ದೂ ಹಾಗೇ. ಮಾತ್ರೆ ಶುರು ಮಾಡಿ ಸ್ವಲ್ಪ ದಿನಕ್ಕೆ ನಂಬರ್ ಪ್ಲೇಟುಗಳು ಬಾಯಿ ಮುಚ್ಕೊಂಡ್ವು, ಆದ್ರೆ ನನ್ನನ್ನ ಯಾರೋ ಹಿಂಬಾಲಿಸ್ತಿದಾರೆ ಅನ್ನೋದು ತಲೇಲಿ ಹಾಗೇ ಕೂತಿತ್ತು.

ಅದನ್ನ ಕರಗಿಸಿದ್ದು ಮಾತುಕತೆ, ಸಿಬಿಟಿ ಅಂತಾರೆ, ನಮ್ಮ ನಂಬಿಕೆಗಳನ್ನ ನಾವೇ ಪರೀಕ್ಷೆ ಮಾಡಿ ನೋಡೋ ಥೆರಪಿ. ನಮ್ಮ ಥೆರಪಿಸ್ಟ್ ಒಂದಿನಾನೂ "ಅದೆಲ್ಲ ಸುಳ್ಳು" ಅನ್ಲಿಲ್ಲ. "ಈ ವಾರ ಎಷ್ಟು ನಂಬ್ತೀರ, ನೂರಕ್ಕೆ ಹೇಳಿ" ಅಂತ ಕೇಳೋರು. ಮೊದಲ ಸಲ ನೂರು ಅಂದೆ. ಆಮೇಲೆ ಒಂದು ಪುಸ್ತಕದಲ್ಲಿ ಮಧ್ಯೆ ಗೆರೆ ಎಳೆದು, ಒಂದು ಕಡೆ "ಏನಾಯ್ತು", ಇನ್ನೊಂದು ಕಡೆ "ಬೇರೆ ಏನಿರಬಹುದು" ಅಂತ ಬರೆಯೋಕೆ ಕೊಟ್ರು. ಕೆಂಪು ಜಾಕೆಟ್ ಹಾಕಿದವನು ಎರಡು ಸಲ ಸಿಕ್ಕ, ಈ ಕಡೆ. ಅವನ ಮನೆನೂ ಇದೇ ರಸ್ತೇಲಿ ಇರಬಹುದು, ಆ ಕಡೆ. ಓದೋಕೆ ಬಾಲಿಶ ಅನ್ಸುತ್ತೆ, ಆದ್ರೆ ಬರೀತಾ ಬರೀತಾ ನೂರು ಎಂಬತ್ತಾಯ್ತು, ಅರವತ್ತಾಯ್ತು, ಒಂದಿನ ಕೇಳಿದಾಗ "ಇಪ್ಪತ್ತಿರಬಹುದು, ಅದೂ ರಾತ್ರಿ ಹೊತ್ತು ಮಾತ್ರ" ಅಂದೆ. ಇಪ್ಪತ್ತಕ್ಕೆ ಬಂದ್ರೆ ಸಾಕು ರೀ, ಬಾಗಿಲು ತೆಗೆದು ಹೊರಗೆ ಹೋಗ್ಬಹುದು.

ಧ್ವನಿಗಳ ವಿಷ್ಯ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾರಿಯಸ್ ರೋಮೆ ಅನ್ನೋ ಸೈಕಿಯಾಟ್ರಿಸ್ಟು, ಪ್ಯಾಟ್ಸಿ ಹಾಗ (Hage) ಅನ್ನೋ ಅವರ ಪೇಷೆಂಟು ಒಟ್ಟಿಗೆ ಟಿವಿಗೆ ಬಂದು, ನಿಮಗೂ ಧ್ವನಿ ಕೇಳ್ಸುತ್ತಾ ಅಂತ ಜನರನ್ನ ಕೇಳಿದ್ರಂತೆ, ನೂರಾರು ಜನ ಫೋನ್ ಮಾಡಿದ್ರು, ಅದ್ರಲ್ಲಿ ಎಷ್ಟೋ ಜನ ಧ್ವನಿಗಳ ಜೊತೆನೇ ಆರಾಮಾಗಿ ಬದುಕ್ತಿದ್ದೋರು. 1987ರಿಂದ ಅದು ಒಂದು ಚಳವಳಿಯಾಗೇ ಬೆಳೀತು. ಧ್ವನಿಗೆ ಟೈಮ್ ಕೊಡೋದನ್ನ ನಾನು ಕಲಿತಿದ್ದು ಆ ಚಳವಳಿಯವರಿಂದಾನೇ. "ಈಗ ಆಗಲ್ಲ, ಸಂಜೆ ಏಳಕ್ಕೆ ಬಾ" ಅಂತ ಮನಸ್ಸಲ್ಲೇ ಹೇಳ್ತೀನಿ, ಏಳಕ್ಕೆ ನಿಜವಾಗ್ಲೂ ಹತ್ತು ನಿಮಿಷ ಕೂತು ಕೇಳ್ತೀನಿ, ಎಷ್ಟೋ ಸಲ ಅದು ಬರೋದೇ ಇಲ್ಲ. ರಸ್ತೇಲಿ ಉತ್ತರ ಕೊಡ್ಲೇಬೇಕು ಅನ್ಸಿದ್ರೆ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮಾತಾಡ್ತೀನಿ, ಯಾರೂ ತಿರುಗಿ ನೋಡಲ್ಲ, ಇವತ್ತು ಎಲ್ಲಾರೂ ಹಾಗೇ ಮಾತಾಡ್ಕೊಂಡು ಓಡಾಡ್ತಾರೆ. ಇನ್ನೊಂದು, ಬಾಯಿ ಮುಚ್ಕೊಂಡು ಗುನುಗೋದು. ಕೆಲವರಲ್ಲಿ ಧ್ವನಿ ಕೇಳುವಾಗ ಅವರ ತುಟಿ, ಗಂಟಲಿನ ಸ್ನಾಯುಗಳು ಸಣ್ಣಗೆ ಕೆಲಸ ಮಾಡ್ತಿರ್ತವೆ ಅಂತ ಅಳೆದು ನೋಡಿದಾರೆ, ಗಂಟಲಿಗೆ ಬೇರೆ ಕೆಲ್ಸ ಕೊಟ್ರೆ ಧ್ವನಿ ತಗ್ಗಬಹುದು. ನನಗೆ ಕೆಲ್ಸ ಮಾಡುತ್ತೆ, ನಿಮಗೆ ಮಾಡದೇನೂ ಇರಬಹುದು.

ಮಾತ್ರೆ ಬಗ್ಗೆ. ಒಲಾಂಜಪಿನ್ ಅನ್ನೋ ಮಾತ್ರೆ ನನಗೆ ನಿದ್ದೆ ಕೊಡ್ತು, ಜೊತೆಗೆ ತೀರದ ಹಸಿವನ್ನೂ ಕೊಡ್ತು, ಊಟ ಮುಗಿಸಿ ಕೈ ತೊಳೆದು ಬರೋ ಹೊತ್ತಿಗೆ ಮತ್ತೆ ಹಸಿವು. "ದಪ್ಪ ಆಗ್ತಿದೀನಿ" ಅಂದ್ರೆ ಡಾಕ್ಟ್ರು ತಲೆ ಆಡ್ಸಿ ಸುಮ್ಮನಾಗ್ತಿದ್ರು, ವಾರವಾರದ ತೂಕ, ಸೊಂಟದ ಅಳತೆ, ಶುಗರ್ ರಿಪೋರ್ಟ್ ಎಲ್ಲ ಬರ್ಕೊಂಡು ಹೋಗಿ ಮುಂದಿಟ್ಟಾಗ ಮಾತ್ರೆ ಬದಲಾಯ್ತು. ಹೊಸ ಮಾತ್ರೆ ಅರಿಪಿಪ್ರಜೋಲ್, ಅದರ ಶುರುವಿಗೆ ಕಾಲು ಒಂದು ಕಡೆ ನಿಲ್ತಿರ್ಲಿಲ್ಲ, ಕುರ್ಚಿಲಿ ಕೂತ್ರೆ ಏಳ್ಬೇಕು, ಎದ್ರೆ ನಡೀಬೇಕು, ಒಳಗಿಂದ ಯಾರೋ ತಳ್ತಾ ಇರೋ ಹಾಗೆ. ಅದಕ್ಕೆ ಅಕತಿಸಿಯಾ ಅಂತಾರೆ, ಕಾಯಿಲೆ ಜಾಸ್ತಿ ಆಯ್ತು ಅಂತ ತುಂಬಾ ಜನ ತಪ್ಪು ತಿಳ್ಕೋತಾರೆ, ದಯವಿಟ್ಟು ತಕ್ಷಣ ಹೇಳಿ, ಡಾಕ್ಟ್ರು ಡೋಸ್ ತಗ್ಗಿಸಿದ್ರೆ ಎಷ್ಟೋ ಸಲ ಕಮ್ಮಿ ಆಗುತ್ತೆ, ನಂದು ಹೋಯ್ತು. ಸಿಗರೇಟ್ ಸೇದೋರು ಇನ್ನೊಂದು ಗೊತ್ತಿಟ್ಕೊಳ್ಳಿ. ಹೊಗೆ ಒಲಾಂಜಪಿನ್, ಅದೇ ಥರದ ಇನ್ನೊಂದು ಮಾತ್ರೆ ಕ್ಲೋಜಪಿನ್, ಎರಡನ್ನೂ ಲಿವರ್‌ನಲ್ಲಿ ಬೇಗ ಖಾಲಿ ಮಾಡ್ಸುತ್ತೆ, ಅಂದ್ರೆ ಸಿಗರೇಟ್ ಬಿಟ್ಟ ಮೇಲೆ ಅದೇ ಡೋಸ್‌ಗೆ ರಕ್ತದಲ್ಲಿ ಮಾತ್ರೆ ಜಾಸ್ತಿ ಉಳಿಯುತ್ತೆ. ಹಾಗಂತ ಸೇದ್ತಾ ಇರಿ ಅಂತಲ್ಲ, ಬಿಡೋ ಮುಂಚೆ ಡಾಕ್ಟ್ರಿಗೆ ಹೇಳಿ. ಡೋಸ್ ಇಳಿಸೋದೂ ಅಷ್ಟೇ, ಒಂದೇ ಸಲ ನಿಲ್ಸಿದ್ರೆ ಕಾಯಿಲೆ ಮರುಕಳಿಸೋ ಸಾಧ್ಯತೆ ಜಾಸ್ತಿ, ಅದಕ್ಕೆ ಡಾಕ್ಟ್ರು ನಂದನ್ನ ಸಣ್ಣ ಸಣ್ಣ ಮೆಟ್ಟಿಲಲ್ಲಿ, ಪ್ರತಿ ಮೆಟ್ಟಿಲಲ್ಲೂ ತಿಂಗಳುಗಟ್ಲೆ ನಿಲ್ಸಿ ಇಳಿಸಿದ್ರು.

ಧ್ವನಿ ತಗ್ಗಿದ ಮೇಲಿನ ಕಾಲನೇ ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ಭಯ ಇಲ್ಲ, ಆಸೆನೂ ಇಲ್ಲ, ಹಲ್ಲುಜ್ಜೋಕೂ ಮನಸ್ಸಿಲ್ಲ. ಮನೆಯವರಿಗೆ ಅದು ಸೋಮಾರಿತನ ಅನ್ಸುತ್ತೆ, ಅದೂ ಕಾಯಿಲೆದೇ ಭಾಗ ಅಂತ ಡಾಕ್ಟ್ರು ಅವರನ್ನ ಕೂರಿಸ್ಕೊಂಡು ಹೇಳಿದ ಮೇಲೆ ಬೈಗುಳ ನಿಂತ್ವು. ದಿನಕ್ಕೆ ಒಂದು ಕೆಲ್ಸ ಅಂತ ಇಟ್ಕೊಂಡೆ, ಸ್ನಾನ ಆದ್ರೆ ಅವತ್ತಿನ ಲೆಕ್ಕ ಚುಕ್ತಾ. ಕೆಲಸಕ್ಕೆ ಮೊದ್ಲು ಅರ್ಧ ದಿನ ಮಾತ್ರ ಹೋದೆ. ಮ್ಯಾನೇಜರ್‌ಗೆ ಪೂರ್ತಿ ಕಥೆ ಹೇಳಿಲ್ಲ, ಆರೋಗ್ಯದ ಕಾರಣಕ್ಕೆ ನೈಟ್ ಶಿಫ್ಟ್ ಆಗಲ್ಲ ಅಂದೆ ಅಷ್ಟೇ.

ನೈಟ್ ಶಿಫ್ಟ್ ವಿಷ್ಯದಲ್ಲಿ ಮಾತ್ರ ನಾನು ಹಠಮಾರಿ, ಯಾಕಂದ್ರೆ ನನಗೆ ಎಲ್ಲಾ ಶುರು ಆಗೋದು ನಿದ್ದೆಯಿಂದ. ನಾನು, ಅಕ್ಕ ಕೂತು ಒಂದು ಹಾಳೆ ಬರೆದಿಟ್ಟಿದೀವಿ. ನಿದ್ದೆ ಕಮ್ಮಿ ಆಗೋದು, ಹಗಲಲ್ಲೂ ಪರದೆ ಎಳ್ಕೊಂಡು ಕೂರೋದು, ಫೋನ್ ಆಫ್ ಮಾಡೋದು, ಹಳೇ ಮೆಸೇಜ್‌ಗಳನ್ನ ಮತ್ತೆ ಮತ್ತೆ ಓದೋದು. ಇವುಗಳಲ್ಲಿ ಎರಡು ಕಂಡ್ರೆ ಅಕ್ಕ ಡಾಕ್ಟ್ರಿಗೆ ಫೋನ್ ಮಾಡ್ಬಹುದು, ನನ್ನನ್ನ ಕೇಳೋ ಅಗತ್ಯ ಇಲ್ಲ, ಆವಾಗ ನಾನು "ನನಗೇನೂ ಆಗಿಲ್ಲ" ಅಂದೇ ಅಂತೀನಿ, ಅದೂ ಹಾಳೇಲಿ ನನ್ನ ಕೈಬರಹದಲ್ಲೇ ಇದೆ. ಯಾವ ಮಾತ್ರೆ ನನಗೆ ಒಗ್ಗಲ್ಲ, ಆಸ್ಪತ್ರೆಗೆ ಸೇರಿಸ್ಬೇಕಾದ್ರೆ ಜೊತೆಗೆ ಯಾರಿರಬೇಕು ಅನ್ನೋದೂ ಇದೆ, ಒಂದು ಕಾಪಿ ಡಾಕ್ಟ್ರ ಫೈಲಲ್ಲಿದೆ. ಒಂದಿನ ಬೆಳಿಗ್ಗೆ ಅವಳು ಬಂದು "ಏನೋ, ಪರದೆ ಎಳ್ದಿದೀಯಾ?" ಅಂದ್ಲು, ಬಿಸಿಲು ಕಣೇ ಅಂದೆ, ಹೊರಗೆ ನೋಡಿದ್ಲು, ಬಿಸಿಲೇ ಇತ್ತು, ಇಬ್ರೂ ನಕ್ವಿ. ಹೋದ ಸಲ ಹಾಳೆ ತಿದ್ದುವಾಗ "ಜಾಸ್ತಿ ಮಾತಾಡೋದು" ಅನ್ನೋದನ್ನೂ ಸೇರಿಸ್ಬೇಕು ಅಂತ ಅವಳು ಹಠ ಹಿಡಿದ್ಲು. ನಾನು ಒಪ್ಲಿಲ್ಲ. ಚಿಕ್ಕಂದಿನಿಂದ್ಲೂ ನಾನು ವಾಚಾಳಿನೇ, ಅದಕ್ಕೂ ಕಾಯಿಲೆಗೂ ಸಂಬಂಧ ಇಲ್ಲ.