ಆಟದ ಪಟ್ಟಿಗೆ ಯಾವ ಆಟ್ರಿಬ್ಯೂಟ್?

ದೀಪಾವಳಿ ಕಳೆಯಿತೆಂದರೆ ಕುಮಟಾ, ಹೊನ್ನಾವರ ಕಡೆ ಯಕ್ಷಗಾನದ ತಿರುಗಾಟ ಜೋರು. ಎಲ್ಲಿ, ಯಾವತ್ತು ಆಟ ಅಂತ ತಿಳಿಸುವ ವೆಬ್‌ಪುಟವನ್ನು ನಾನು ನೋಡಿಕೊಳ್ಳುತ್ತೇನೆ. ಸರ್ಚ್ ಎಂಜಿನ್‌ಗಳಿಗೂ ಅದು ಅರ್ಥವಾಗಲಿ ಅಂತ ಸ್ಕೀಮಾ ಡಾಟ್ ಆರ್ಗ್‌ನ ಪದಗಳನ್ನು (ಇದು ಹೆಸರು, ಇದು ಜಾಗ, ಇದು ತಾರೀಖು ಅಂತ ಯಂತ್ರಕ್ಕೆ ಹೇಳುವ ಗೊತ್ತಾದ ಪದಪಟ್ಟಿ) ಪುಟದ ಎಚ್‌ಟಿಎಂಎಲ್ ಒಳಗೇ ಸೇರಿಸಿದೆ.

ಗೂಗಲ್ ಹೇಳುವುದು ಜೇಸನ್-ಎಲ್‌ಡಿ ಬಳಸಿ ಅಂತ; ಅಂದರೆ ಯಂತ್ರಕ್ಕೆ ಬೇಕಾದ ಮಾಹಿತಿಯನ್ನು ಪುಟದಲ್ಲಿ ಬೇರೆಯೇ ತುಣುಕಾಗಿ ಬರೆಯುವುದು. ಆದರೆ ಆಟದ ಜಾಗ ಕೊನೇ ಗಳಿಗೆಯಲ್ಲೂ ಬದಲಾಗುವುದುಂಟು. ಎರಡು ಕಡೆ ತಿದ್ದುವುದು ಯಾಕೆ? ಜನ ಓದುವ ಸಾಲನ್ನೇ ಯಂತ್ರವೂ ಓದಲಿ ಅಂತ, ಆ ಸಾಲಿನ ಟ್ಯಾಗ್‌ಗಳಲ್ಲೇ ಗುರುತು ಹಾಕುವ ಆರ್‌ಡಿಎಫ್‌ಎ ಲೈಟ್ ಆರಿಸಿಕೊಂಡೆ. 2012ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಇದರಲ್ಲಿರುವುದು ಐದೇ ಆಟ್ರಿಬ್ಯೂಟ್ (ಟ್ಯಾಗ್ ಒಳಗೆ ಬರೆಯುವ ಗುರುತು): ವೊಕ್ಯಾಬ್, ಟೈಪ್‌ಆಫ್, ಪ್ರಾಪರ್ಟಿ, ರಿಸೋರ್ಸ್, ಪ್ರಿಫಿಕ್ಸ್.

ಜಾಸ್ತಿ ಗಮನ ಬೇಡುವುದು ಪ್ರಾಪರ್ಟಿ, ಅಂದರೆ ಇದು ಹೆಸರೋ ಜಾಗವೋ ತಾರೀಖೋ ಅಂತ ಹೇಳುವ ಗುರುತು. ಅದು ಯಾವ ಟ್ಯಾಗ್ ಮೇಲೆ ಕೂತಿದೆ ಅನ್ನುವುದರ ಮೇಲೆ ಯಂತ್ರ ಓದಿಕೊಳ್ಳುವ ಮಾಹಿತಿಯೇ ಬದಲಾಗುತ್ತದೆ. ಪ್ರಸಂಗದ ಹೆಸರಿಗೆ ಲಿಂಕ್ ಕೊಟ್ಟು, ಅದೇ ಲಿಂಕಿನ 'ಎ' ಟ್ಯಾಗ್‌ಗೆ ಪ್ರಾಪರ್ಟಿ ನೇಮ್ ಅಂತ ಹಾಕಿದರೆ ಯಂತ್ರಕ್ಕೆ ಸಿಗುವುದು ಹೆಸರಲ್ಲ, ಎಚ್‌ರೆಫ್‌ನಲ್ಲಿರುವ ಲಿಂಕಿನ ವಿಳಾಸ. ಹಾಗಾಗಿ 'ಎ' ಮೇಲೆ ಯುಆರ್‌ಎಲ್, ಅದರೊಳಗೆ ಒಂದು ಸ್ಪ್ಯಾನ್ ಇಟ್ಟು ಅದಕ್ಕೆ ನೇಮ್. ಮ್ಯಾಪ್ ಲಿಂಕ್‌ಗೆ ಮಾತ್ರ ಈ ಗುಣವೇ ಬೇಕು. ಅಲ್ಲಿ ಹ್ಯಾಸ್‌ಮ್ಯಾಪ್ (ಜಾಗದ ನಕ್ಷೆ ಅನ್ನುವ ಸ್ಕೀಮಾ ಪದ) ಅನ್ನು ನೇರವಾಗಿ 'ಎ' ಮೇಲೇ ಹಾಕುತ್ತೇನೆ. ಹೀಗೆ ಹೆಸರು, ಲಿಂಕ್ ಎರಡೂ ಕೆಲಸವನ್ನು ಪ್ರಾಪರ್ಟಿಯೇ ಮಾಡುವಾಗ, ಲಿಂಕ್‌ಗೆಂದು ಪೂರ್ತಿ ಆರ್‌ಡಿಎಫ್‌ಎಯಲ್ಲಿರುವ ರೆಲ್ ಆಟ್ರಿಬ್ಯೂಟ್ ಸುಮ್ನೆ ಯಾಕೆ, ಅಲ್ವಾ?

ಇನ್ನು ಹೊತ್ತಿನ ವಿಷಯ. ನಮ್ಮಲ್ಲಿ 'ಶನಿವಾರ ರಾತ್ರಿ 12:30ಕ್ಕೆ ಎರಡನೇ ಪ್ರಸಂಗ' ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಕ್ಯಾಲೆಂಡರ್ ಲೆಕ್ಕದಲ್ಲಿ ಅದು ಭಾನುವಾರ. ಓದುಗರ ಸಾಲನ್ನು ನಾನು ಮುಟ್ಟುವುದಿಲ್ಲ. ಅದನ್ನು ಟೈಮ್ ಟ್ಯಾಗ್ ಒಳಗಿಟ್ಟು, ಡೇಟ್‌ಟೈಮ್‌ನಲ್ಲಿ ಮರುದಿನದ ತಾರೀಖು ಹಾಕಿ, ಕೊನೆಗೆ ಇದು ಭಾರತದ ಸಮಯ ಅಂತ ತಿಳಿಸುವ +05:30 ಸೇರಿಸುತ್ತೇನೆ. ಕಂಟೆಂಟ್ ಆಟ್ರಿಬ್ಯೂಟ್‌ನಿಂದಲೂ ಇದು ಆಗುತ್ತದೆ. ಆದರೆ ಅದು ಲೈಟ್‌ನ ಐದರಲ್ಲಿಲ್ಲ, ಪೂರ್ತಿ ಆರ್‌ಡಿಎಫ್‌ಎಗೆ ಸೇರಿದ್ದು. ತಾರೀಖಿಗೆಂದೇ ಎಚ್‌ಟಿಎಂಎಲ್‌ನಲ್ಲಿ ಒಂದು ಟ್ಯಾಗ್ ಇರುವಾಗ ಅದನ್ನೇ ಬಳಸುವುದು ನನಗೆ ಸರಿ ಕಾಣುತ್ತದೆ.

ಜಾಗಕ್ಕೆ ಲೊಕೇಶನ್, ಅದರೊಳಗೆ ಇದೊಂದು ಸ್ಥಳ ಅಂತ ಹೇಳುವ ಟೈಪ್‌ಆಫ್ ಪ್ಲೇಸ್. 'ಗುಣವಂತೆ, ಹೊನ್ನಾವರ ತಾಲೂಕು' ಅಂತ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಯಂತ್ರಕ್ಕೆಂದು ಬಚ್ಚಿಟ್ಟ ಸಾಲು ನಾಲ್ಕು ದಿನದಲ್ಲಿ ಹಳತಾಗುತ್ತದೆ, ಯಾರೂ ಗಮನಿಸುವುದಿಲ್ಲ.

ಪುಟ ಹಾಕುವ ಮೊದಲು ಸ್ಕೀಮಾದ ವ್ಯಾಲಿಡೇಟರ್‌ನಲ್ಲಿ (ಯಂತ್ರ ಏನು ಓದಿತು ಅಂತ ತೋರಿಸುವ ಪರೀಕ್ಷಾ ಪುಟ) ನೇಮ್ ಎದುರು ಹೆಸರು ಬಂದಿದೆಯಾ, ಇಲ್ಲಾ ಲಿಂಕಿನ ವಿಳಾಸ ಬಂದಿದೆಯಾ ಅಂತ ಮೊದಲು ನೋಡುತ್ತೇನೆ. ಆಮೇಲೆ ತಾರೀಖು.